ಚಾರ್ವಾಕರು, ಲೋಕಾಯತ ಮತ್ತು ಜಯರಾಶಿ ಭಟ್ಟ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತೀಯ ದರ್ಶನಗಳ ಚರಿತ್ರೆಯಲ್ಲಿ, ಆತ್ಮವನ್ನೂ ಪರಲೋಕವನ್ನೂ ನಿರಾಕರಿಸಿದ ಭೌತವಾದಿಗಳಾದ ಚಾರ್ವಾಕರಷ್ಟು ಹೆಸರಾದವರೂ ಅವರಷ್ಟು ಅಪರಿಚಿತರಾಗಿ ಉಳಿದವರೂ ಕಡಿಮೆ. ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂಬ ಒಂದೇ ಮಾತಿನಲ್ಲಿ ಅವರ ಕಥೆ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಆದರೆ ಆ ಪರಂಪರೆಯ ಸುತ್ತ ಅಜಿತ ಕೇಶಕಂಬಲ, ಪಾಯಾಸಿ, ಪುರಂದರ, ಉದ್ಭಟ, ಜಯರಾಶಿ ಭಟ್ಟ ಮುಂತಾದವರ ಹೆಸರುಗಳಿವೆ. ಇವರೆಲ್ಲ ಒಂದೇ ರೀತಿ ಯೋಚಿಸಿದವರೂ ಅಲ್ಲ. ಇವರ ವಿಚಾರಗಳು ನಮಗೆ ತಲುಪಿರುವುದು ಬಹುಮಟ್ಟಿಗೆ ಇವರನ್ನು ಖಂಡಿಸಿದವರ ಬರಹಗಳ ಮೂಲಕ ಎಂಬುದನ್ನು ಕೆಳಗಿನ ಪ್ರತಿಯೊಂದು ಉತ್ತರವನ್ನು ಓದುವಾಗಲೂ ಗಮನದಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಚಾರ್ವಾಕರು, ಲೋಕಾಯತರು, ಬಾರ್ಹಸ್ಪತ್ಯರು ಎಂದರೆ ಒಂದೇ ಗುಂಪಿನವರೇ?

ಮಧ್ಯಯುಗದ ಗ್ರಂಥಕಾರರು ಈ ಮೂರು ಹೆಸರುಗಳನ್ನು ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಬಳಸಿದ್ದಾರೆ. ಆದರೆ ಹಳೆಯ ಬಳಕೆಗಳು ಅಷ್ಟು ಸರಳವಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಆನ್ವೀಕ್ಷಿಕಿ ಎಂಬ ತರ್ಕಪ್ರಧಾನ ವಿದ್ಯೆಯಲ್ಲಿ ಸಾಂಖ್ಯ, ಯೋಗ, ಲೋಕಾಯತ ಎಂಬ ಮೂರನ್ನು ಸೇರಿಸುತ್ತದೆ. ಅಲ್ಲಿ ಲೋಕಾಯತದ ಬಗ್ಗೆ ತಿರಸ್ಕಾರದ ಸುಳಿವೂ ಇಲ್ಲ, ರಾಜಕುಮಾರ ಕಲಿಯಬೇಕಾದ ವಿದ್ಯೆಗಳಲ್ಲಿ ಅದೂ ಒಂದು. ಅದೇ ಗ್ರಂಥದಲ್ಲಿ ಬಾರ್ಹಸ್ಪತ್ಯರನ್ನು, ಅಂದರೆ ಬೃಹಸ್ಪತಿಯ ಅನುಯಾಯಿಗಳನ್ನು, ಬೇರೆಯಾಗಿ ಹೆಸರಿಸಲಾಗಿದೆ. ಕೃಷಿ, ಪಶುಪಾಲನೆ, ವ್ಯಾಪಾರಗಳನ್ನೊಳಗೊಂಡ ವಾರ್ತೆ ಮತ್ತು ರಾಜ್ಯಾಡಳಿತದ ದಂಡನೀತಿ ಎಂಬ ಎರಡೇ ವಿದ್ಯೆಗಳಿವೆ, ಲೋಕವ್ಯವಹಾರ ಬಲ್ಲವನಿಗೆ ವೇದವು ಬರಿಯ ಹೊದಿಕೆ ಎಂಬುದು ಅವರ ಮತವೆಂದು ಕೌಟಿಲ್ಯ ದಾಖಲಿಸುತ್ತಾನೆ. ಪತಂಜಲಿಯ ಮಹಾಭಾಷ್ಯದಲ್ಲಿ ಲೋಕಾಯತಕ್ಕೆ ಭಾಗುರಿ ಎಂಬ ವ್ಯಾಖ್ಯಾನವಿದ್ದ ಪ್ರಸ್ತಾಪ ಬರುತ್ತದೆ. ಈ ಹಳೆಯ ಲೋಕಾಯತವೂ ಮುಂದೆ ಚಾರ್ವಾಕರೆಂದು ಹೆಸರಾದವರ ಭೌತವಾದವೂ ಒಂದೇ ಆಗಿತ್ತೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಪ್ರಶ್ನೆ: ಚಾರ್ವಾಕ ಎಂಬ ಹೆಸರಿನ ವ್ಯಕ್ತಿ ನಿಜವಾಗಿಯೂ ಇದ್ದನೇ?

ಹಾಗೆ ಹೇಳಲು ಆಧಾರವಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಈ ಹೆಸರಿನ ರಾಕ್ಷಸನೊಬ್ಬ ಬರುತ್ತಾನೆ. ಯುದ್ಧ ಮುಗಿದು ಯುಧಿಷ್ಠಿರನು ಹಸ್ತಿನಾಪುರವನ್ನು ಪ್ರವೇಶಿಸುವಾಗ, ಭಿಕ್ಷುವಿನ ವೇಷದಲ್ಲಿ ಮುಂದೆ ಬಂದು ‘ಬಂಧುಗಳನ್ನು ಕೊಂದ ನಿನಗೆ ಧಿಕ್ಕಾರ’ ಎನ್ನುತ್ತಾನೆ. ಅವನು ದುರ್ಯೋಧನನ ಮಿತ್ರನೆಂದು ತಿಳಿದ ಬ್ರಾಹ್ಮಣರು ಹೂಂಕಾರದಿಂದಲೇ ಅವನನ್ನು ಸುಟ್ಟುಹಾಕುತ್ತಾರೆ. ಕುತೂಹಲದ ಸಂಗತಿಯೆಂದರೆ, ಈ ಪ್ರಸಂಗದಲ್ಲಿ ಆತ ಆತ್ಮವಿಲ್ಲವೆಂದಾಗಲಿ ಪರಲೋಕವಿಲ್ಲವೆಂದಾಗಲಿ ವಾದಿಸುವುದೇ ಇಲ್ಲ. ಅವನ ಆಕ್ಷೇಪ ಪೂರ್ತಿಯಾಗಿ ನೈತಿಕವಾದದ್ದು, ಮೇಲಾಗಿ ಯುಧಿಷ್ಠಿರನ ಮನಸ್ಸಿನಲ್ಲೇ ಕುದಿಯುತ್ತಿದ್ದದ್ದು.

ಪ್ರಶ್ನೆ: ಬುದ್ಧನ ಕಾಲದಲ್ಲಿ ಇಂಥ ವಿಚಾರ ಹೇಳಿದವರು ಯಾರಿದ್ದರು?

ಹೆಸರು ಹಿಡಿದು ಹೇಳಬಹುದಾದ ಮೊದಲಿಗ ಅಜಿತ ಕೇಶಕಂಬಲ. ಬುದ್ಧನ ದೀರ್ಘ ಉಪದೇಶಗಳ ಪಾಳಿ ಸಂಗ್ರಹವಾದ ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ (ಸುತ್ತ ಎಂದರೆ ಸೂತ್ರ, ಉಪದೇಶ) ಮಗಧದ ಅರಸ ಅಜಾತಶತ್ರು ಹುಣ್ಣಿಮೆಯ ರಾತ್ರಿ ವೈದ್ಯ ಜೀವಕನ ಮಾವಿನ ತೋಪಿಗೆ ಬಂದು, ಸಂನ್ಯಾಸದಿಂದ ಕಣ್ಣಿಗೆ ಕಾಣುವ ಫಲವೇನೆಂದು ಬುದ್ಧನನ್ನು ಕೇಳುತ್ತಾನೆ. ಇದೇ ಪ್ರಶ್ನೆಯನ್ನು ಹಿಂದೆ ಆರು ಜನ ಗುರುಗಳಿಗೆ ಕೇಳಿದ್ದೆನೆಂದು ಅವರ ಉತ್ತರಗಳನ್ನೂ ಒಪ್ಪಿಸುತ್ತಾನೆ. ಅವುಗಳಲ್ಲಿ ಅಜಿತನದು ಮರೆಯಲಾಗದ ಉತ್ತರ. ಮನುಷ್ಯನು ನಾಲ್ಕು ಭೂತಗಳಿಂದಾದವನು. ಸತ್ತಾಗ ಮಣ್ಣು ಮಣ್ಣನ್ನು, ನೀರು ನೀರನ್ನು, ಬೆಂಕಿ ಬೆಂಕಿಯನ್ನು, ಗಾಳಿ ಗಾಳಿಯನ್ನು ಸೇರುತ್ತದೆ. ಚಟ್ಟವೇ ಐದನೆಯದಾಗಿ ನಾಲ್ವರು ಹೆಣವನ್ನು ಹೊತ್ತೊಯ್ಯುತ್ತಾರೆ. ಗುಣಗಾನ ಸುಡುಗಾಡಿನವರೆಗೆ ಮಾತ್ರ. ಎಲುಬುಗಳು ಪಾರಿವಾಳದ ಬಣ್ಣಕ್ಕೆ ತಿರುಗುತ್ತವೆ. ಕೊಟ್ಟ ಆಹುತಿಗಳು ಬೂದಿಯಾಗುತ್ತವೆ. ಪಂಡಿತನೂ ಮೂರ್ಖನೂ ಸಮಾನವಾಗಿ ಇಲ್ಲವಾಗುತ್ತಾರೆ.

ಇಷ್ಟು ಹೇಳಿದವನು ಭೋಗಿಯಾಗಿರಲಿಲ್ಲ. ಕೇಶಕಂಬಲ ಎಂದರೆ ಕೂದಲಿನ ಕಂಬಳಿ ಹೊದ್ದವನು. ಅಂದರೆ ಮೈಗೆ ಒರಟಾದ ಬಟ್ಟೆಯನ್ನು ಸುತ್ತಿಕೊಂಡು ಶಿಷ್ಯರೊಂದಿಗೆ ಅಲೆಯುತ್ತಿದ್ದ ಶ್ರಮಣ. ಪರಲೋಕವನ್ನು ನಿರಾಕರಿಸಿದವರೆಲ್ಲ ತಿಂದುಂಡು ಮೆರೆದವರೆಂಬ ಕಲ್ಪನೆಗೆ ಮೊದಲ ಹೆಜ್ಜೆಯಲ್ಲೇ ಇವನು ತೊಡಕಾಗುತ್ತಾನೆ.

ಪ್ರಶ್ನೆ: ಪಾಯಾಸಿ ಯಾರು? ಅವನ ‘ಪ್ರಯೋಗ’ಗಳೆಂದರೆ ಏನು?

ಪಾಯಾಸಿಯು ಕೋಸಲದ ಪಸೇನದಿ ರಾಜನಿಂದ ಸೇತವ್ಯಾ ಎಂಬ ಊರನ್ನು ಉಂಬಳಿಯಾಗಿ ಪಡೆದಿದ್ದ ಒಬ್ಬ ಸಾಮಂತ. ದೀಘನಿಕಾಯದ ಪಾಯಾಸಿ ಸುತ್ತದಲ್ಲಿ ಅವನು ಕುಮಾರ ಕಸ್ಸಪನೆಂಬ ಭಿಕ್ಷುವಿನೊಂದಿಗೆ ಸುದೀರ್ಘವಾಗಿ ವಾದ ಮಾಡುತ್ತಾನೆ. ಈ ವಾದದ ವಿಶೇಷವೆಂದರೆ ಪಾಯಾಸಿ ಶಾಸ್ತ್ರವಾಕ್ಯಗಳನ್ನು ಮುಂದಿಡುವುದಿಲ್ಲ, ತಾನು ಮಾಡಿ ನೋಡಿದ್ದನ್ನು ಮುಂದಿಡುತ್ತಾನೆ. ಪಾಪಿಗಳಾದ ಬಂಧುಗಳು ಸಾಯುವ ಹೊತ್ತಿನಲ್ಲಿ, ನರಕವೆಂಬುದಿದ್ದರೆ ಬಂದು ತಿಳಿಸಿ ಎಂದು ಅವರಿಂದ ಮಾತು ತೆಗೆದುಕೊಂಡಿದ್ದ, ಪುಣ್ಯವಂತರಿಂದ ಸ್ವರ್ಗದ ಸುದ್ದಿಗೂ ಮಾತು ಪಡೆದಿದ್ದ, ಯಾರೂ ಬರಲಿಲ್ಲ. ಮರಣದಂಡನೆಗೆ ಗುರಿಯಾದ ಕಳ್ಳನನ್ನು ಜೀವಂತವಾಗಿ ಕೊಪ್ಪರಿಗೆಯಂಥ ಪಾತ್ರೆಯಲ್ಲಿ ಕೂರಿಸಿ, ಬಾಯಿಗೆ ಹಸಿ ತೊಗಲು ಬಿಗಿದು, ಮೇಲೆ ಮಣ್ಣು ಮೆತ್ತಿ, ಒಲೆಯ ಮೇಲಿಟ್ಟು ಕಾಯಿಸಿದ, ಸತ್ತನೆಂದು ಖಚಿತವಾದ ಮೇಲೆ ಮೆಲ್ಲಗೆ ಮುಚ್ಚಳ ತೆಗೆದು ಜೀವ ಹೊರಗೆ ಹಾರುವುದನ್ನು ಕಾಯುತ್ತ ಕುಳಿತ, ಏನೂ ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗ ತೂಗಿಸಿ, ಬಿಲ್ಲಿನ ಹೆದೆಯಿಂದ ಉಸಿರುಕಟ್ಟಿಸಿ ಕೊಂದು ಮತ್ತೆ ತೂಗಿಸಿದ. ಜೀವ ಹೋದ ಮೇಲೆ ಹಗುರಾಗಬೇಕಿತ್ತು, ಬದಲಿಗೆ ಹೆಣ ಭಾರವಾಗಿಯೂ ಬಿರುಸಾಗಿಯೂ ಇತ್ತು ಎನ್ನುತ್ತಾನೆ.

ಈ ಕ್ರೌರ್ಯವನ್ನು ಓದುವಾಗ ಇದನ್ನು ಬರೆದವರು ಪಾಯಾಸಿಯ ಎದುರು ಪಕ್ಷದವರು ಎಂಬುದು ನೆನಪಿರಲಿ. ಕಸ್ಸಪನ ಉತ್ತರಗಳು ಜಾಣತನದವು. ಸೆರೆಸಿಕ್ಕ ಕಳ್ಳನಿಗೆ ಮನೆಗೆ ಹೋಗಿ ಬರಲು ಕೊಲೆಗಡುಕರು ಬಿಡುತ್ತಾರೆಯೇ, ನರಕದವರಿಗೆ ಯಾರು ಬಿಡುತ್ತಾರೆ? ಹೊಲಸು ಗುಂಡಿಯಿಂದ ಮೇಲೆ ಬಂದು ಮಿಂದವನು ಮತ್ತೆ ಅದರೊಳಗೆ ಇಳಿಯುತ್ತಾನೆಯೇ, ಸ್ವರ್ಗದವರು ಏಕೆ ಬರುತ್ತಾರೆ? ನೀನು ಮಧ್ಯಾಹ್ನ ಮಲಗಿ ಕನಸಿನಲ್ಲಿ ತೋಟಗಳನ್ನು ಸುತ್ತುವಾಗ ಪಕ್ಕದಲ್ಲಿರುವ ದಾಸಿಯರಿಗೆ ನಿನ್ನ ಜೀವ ಹೋಗಿಬರುವುದು ಕಾಣುತ್ತದೆಯೇ? ಕಾದ ಕಬ್ಬಿಣದ ಗುಂಡು ತಣ್ಣಗಿನದಕ್ಕಿಂತ ಹಗುರ ಎಂಬ ಇನ್ನೊಂದು ಉತ್ತರ ಮಾತ್ರ ಇಂದಿನ ಓದುಗರಿಗೆ ಒಪ್ಪಿಗೆಯಾಗದು. ಎಲ್ಲಕ್ಕಿಂತ ಮನುಷ್ಯಸಹಜವಾದದ್ದು ಪಾಯಾಸಿ ಕೊನೆಯಲ್ಲಿ ಹೇಳುವ ಮಾತು: ನಾನು ಈ ಮತದವನೆಂದು ಪಸೇನದಿಗೂ ಹೊರಗಿನ ಅರಸರಿಗೂ ಗೊತ್ತಿದೆ, ಈಗ ಬಿಟ್ಟರೆ ‘ಎಂಥ ದಡ್ಡ ಈ ಪಾಯಾಸಿ’ ಎಂದಾರು, ಆದ್ದರಿಂದ ಬಿಡಲಾರೆ. ಆಮೇಲೆ ಅವನು ಬುದ್ಧನ ಮಾರ್ಗಕ್ಕೆ ಶರಣಾಗುತ್ತಾನೆಂದು ಸುತ್ತವು ಹೇಳುತ್ತದೆ. ಇದೇ ಕಥೆ ಜೈನರ ರಾಯಪಸೇಣಿಯ ಆಗಮದಲ್ಲಿ ಪಏಸಿ ರಾಜ ಮತ್ತು ಕೇಶಿ ಮುನಿಗಳ ಸಂವಾದವಾಗಿ ಬರುತ್ತದೆ; ಅಲ್ಲಿ ರಾಜನು ಜೈನನಾಗುತ್ತಾನೆ. ಎರಡು ಪರಂಪರೆಗಳೂ ಅವನನ್ನು ಸೋಲಿಸಿ ತಮ್ಮವನನ್ನಾಗಿ ಮಾಡಿಕೊಂಡಿವೆ ಎಂದರೆ ಆ ಪ್ರಶ್ನೆಗಳು ಎರಡೂ ಕಡೆಯವರನ್ನು ಎಷ್ಟು ಕಾಡಿದ್ದವೆಂದು ಊಹಿಸಬಹುದು.

ಪ್ರಶ್ನೆ: ಚಾರ್ವಾಕರ ಮೂಲಗ್ರಂಥ ಲಭ್ಯವಿದೆಯೇ?

ಇಲ್ಲ. ಬೃಹಸ್ಪತಿಯ ಹೆಸರಿನಲ್ಲಿದ್ದ ಸೂತ್ರಗ್ರಂಥ ಪೂರ್ತಿಯಾಗಿ ಕಳೆದುಹೋಗಿದೆ. ಬೌದ್ಧ, ಜೈನ ಮತ್ತು ನ್ಯಾಯದರ್ಶನದ (ತರ್ಕಶಾಸ್ತ್ರದ) ಗ್ರಂಥಗಳಲ್ಲಿ ಖಂಡನೆಗಾಗಿ ಉದ್ಧರಿಸಿದ ಬಿಡಿ ಸೂತ್ರಗಳನ್ನು ಆಯ್ದು ಜೋಡಿಸಿ ಅದರ ಆರಂಭ ಹೀಗಿತ್ತೆಂದು ಊಹಿಸಲಾಗಿದೆ: ಇನ್ನು ತತ್ತ್ವವನ್ನು ವಿವರಿಸುತ್ತೇವೆ, ಭೂಮಿ, ನೀರು, ತೇಜಸ್ಸು, ವಾಯು ಇವೇ ತತ್ತ್ವಗಳು, ಇವುಗಳ ಸಮುದಾಯಕ್ಕೆ ಶರೀರ, ಇಂದ್ರಿಯ, ವಿಷಯ ಎಂಬ ಹೆಸರು, ಅವುಗಳಿಂದ ಚೈತನ್ಯ, ಕಿಣ್ವ ಮೊದಲಾದವುಗಳಿಂದ ಮದಶಕ್ತಿ ಹುಟ್ಟುವಂತೆ. ಐದನೆಯ ಭೂತವಾದ ಆಕಾಶ ಇಲ್ಲಿ ಇಲ್ಲದಿರುವುದನ್ನು ಗಮನಿಸಬೇಕು. ಅದು ಪ್ರತ್ಯಕ್ಷಕ್ಕೆ ಸಿಗುವುದಿಲ್ಲವಾದ್ದರಿಂದ ಅವರು ಅದನ್ನು ಒಪ್ಪಲಿಲ್ಲವೆಂದು ವಿವರಿಸಲಾಗುತ್ತದೆ.

ಪ್ರಶ್ನೆ: ಜಡ ಭೂತಗಳಿಂದ ಪ್ರಜ್ಞೆ ಹುಟ್ಟುವುದೆಂಬ ವಾದಕ್ಕೆ ವಿರೋಧಿಗಳು ಏನೆಂದರು?

ಹಿಟ್ಟು, ಬೆಲ್ಲ, ಕಿಣ್ವ ಇವುಗಳಲ್ಲಿ ಬಿಡಿಬಿಡಿಯಾಗಿ ಅಮಲಿಲ್ಲ, ಸೇರಿಸಿ ಹುದುಗಿಸಿದರೆ ಅಮಲು ಬರುತ್ತದೆ ಎಂಬುದು ಚಾರ್ವಾಕರ ಉದಾಹರಣೆ. ಇದಕ್ಕೆ ಬಂದ ಪ್ರತ್ಯುತ್ತರಗಳಲ್ಲಿ ಶಂಕರಾಚಾರ್ಯರು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಭಾಷ್ಯದಲ್ಲಿ ನೀಡಿದ್ದು ಹೆಚ್ಚು ಸತ್ವವುಳ್ಳದ್ದು. ರೂಪ, ಆಕಾರ ಮುಂತಾದ ದೇಹಧರ್ಮಗಳು ಹೆಣದಲ್ಲೂ ಇರುತ್ತವೆ, ಪ್ರಾಣಚೇಷ್ಟೆಯೂ ಚೈತನ್ಯವೂ ಇರುವುದಿಲ್ಲ. ಆದ್ದರಿಂದ ಇವು ದೇಹದ ಧರ್ಮವಲ್ಲ ಎಂಬುದು ಒಂದು. ದೇಹದ ಬಣ್ಣ, ಎತ್ತರಗಳು ಬೇರೆಯವರಿಗೂ ಕಾಣುತ್ತವೆ, ನನ್ನ ಅರಿವು ಮತ್ತು ನೆನಪು ನಿಮಗೆ ಕಾಣವು ಎಂಬುದು ಇನ್ನೊಂದು. ಭೂತಗಳನ್ನು ಅರಿಯುವ ಪ್ರಜ್ಞೆ ಭೂತಗಳದೇ ಗುಣವಾಗಿದ್ದರೆ ಅದು ತನ್ನನ್ನೇ ತಾನು ವಿಷಯ ಮಾಡಿಕೊಂಡಂತಾಗುತ್ತದೆ. ಬೆಂಕಿ ತನ್ನನ್ನು ಸುಟ್ಟುಕೊಳ್ಳದು, ಎಷ್ಟೇ ಪಳಗಿದ ನಟನೂ ತನ್ನ ಹೆಗಲನ್ನು ತಾನೇ ಏರಲಾರ ಎಂಬುದು ಮೂರನೆಯದು. ಎರಡನೆಯ ಆಕ್ಷೇಪ ಇಂದಿಗೂ ಪ್ರಜ್ಞೆಯ ಕುರಿತ ಚರ್ಚೆಯಲ್ಲಿ ಜೀವಂತವಾಗಿದೆ. ಮೊದಲನೆಯದಕ್ಕೆ ಚಾರ್ವಾಕರು ಸುಲಭವಾಗಿ ಉತ್ತರ ಹೇಳಬಹುದಿತ್ತು, ಏಕೆಂದರೆ ಹುಳಿತು ಕೆಟ್ಟ ಮದ್ಯದಲ್ಲೂ ಬಣ್ಣ ಉಳಿಯುತ್ತದೆ, ಅಮಲು ಉಳಿಯುವುದಿಲ್ಲ.

ಪ್ರಶ್ನೆ: ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂದು ಚಾರ್ವಾಕರು ನಿಜವಾಗಿ ಹೇಳಿದ್ದರೇ?

ಹೇಳಿರಲಿಲ್ಲವೆಂದು ನಂಬಲು ಬಲವಾದ ಕಾರಣಗಳಿವೆ. ‘ಋಣಂ ಕೃತ್ವಾ ಘೃತಂ ಪಿಬೇತ್’ ಎಂಬ ಪಾಠ ಪ್ರಸಿದ್ಧವಾದದ್ದು ದರ್ಶನಗಳನ್ನು ಒಂದೊಂದಾಗಿ ಪರಿಚಯಿಸುವ 14ನೇ ಶತಮಾನದ ಸರ್ವದರ್ಶನಸಂಗ್ರಹದಿಂದ. ಅದೇ ಗ್ರಂಥದ ಅದೇ ಚಾರ್ವಾಕ ಅಧ್ಯಾಯದ ಆರಂಭದಲ್ಲಿ ಇದೇ ಶ್ಲೋಕ ಬೇರೆ ರೂಪದಲ್ಲಿದೆ: ‘ಯಾವಜ್ಜೀವಂ ಸುಖಂ ಜೀವೇನ್ನಾಸ್ತಿ ಮೃತ್ಯೋರಗೋಚರಃ’, ಅಂದರೆ ಬದುಕಿರುವಷ್ಟು ಕಾಲ ಸುಖವಾಗಿ ಬದುಕಬೇಕು, ಮೃತ್ಯುವಿಗೆ ಸಿಗದವನು ಯಾವನೂ ಇಲ್ಲ. ಬೂದಿಯಾದ ದೇಹ ಮರಳಿ ಬರುವುದೆಲ್ಲಿಂದ ಎಂಬ ಎರಡನೆಯ ಸಾಲು ಎರಡು ಕಡೆಯೂ ಒಂದೇ. ಅಧ್ಯಾಯದ ಕೊನೆಗೆ ಬರುವಷ್ಟರಲ್ಲಿ ಮೃತ್ಯುವಿನ ಜಾಗದಲ್ಲಿ ಸಾಲವೂ ತುಪ್ಪವೂ ಬಂದು ಕುಳಿತಿವೆ. ಈ ಗ್ರಂಥಕ್ಕಿಂತ ಹಿಂದಿನ ಲೇಖಕರು ಶ್ಲೋಕವನ್ನು ಉದ್ಧರಿಸುವಾಗ ಮೃತ್ಯುವಿನ ಪಾಠವೇ ಕಾಣುತ್ತದೆ.

ವ್ಯತ್ಯಾಸ ಸಣ್ಣದಲ್ಲ. ಮೊದಲ ಪಾಠದಲ್ಲಿರುವುದು ಸಾವಿನ ಎದುರು ನಿಂತವನ ಗಂಭೀರ ಮಾತು. ಎರಡನೆಯದರಲ್ಲಿರುವುದು ಸಾಲಗಾರನ ಉಡಾಫೆ. ವಿರೋಧಿಯನ್ನು ನಗೆಪಾಟಲು ಮಾಡಲು ಎರಡನೆಯದೇ ಅನುಕೂಲ. ಕನ್ನಡದಲ್ಲಿ ಗಾದೆಯಂತೆ ಓಡಾಡುತ್ತಿರುವುದೂ ಅದೇ.

ಹಾಗೆಂದು ಚಾರ್ವಾಕರ ಹೆಸರಿನ ಶ್ಲೋಕಗಳೆಲ್ಲ ಸೌಮ್ಯವೇನೂ ಅಲ್ಲ. ಅಗ್ನಿಹೋತ್ರ, ಮೂರು ವೇದ, ಸಂನ್ಯಾಸಿಯ ತ್ರಿದಂಡ, ಭಸ್ಮಲೇಪನ ಇವು ಬುದ್ಧಿಯೂ ಪೌರುಷವೂ ಇಲ್ಲದವರ ಜೀವನೋಪಾಯ ಎಂದು ಒಂದು ಶ್ಲೋಕ ಹೇಳಿದರೆ, ಯಜ್ಞದಲ್ಲಿ ಕೊಂದ ಪಶು ಸ್ವರ್ಗಕ್ಕೆ ಹೋಗುವುದಾದರೆ ಯಜಮಾನನು ತನ್ನ ತಂದೆಯನ್ನೇ ಏಕೆ ಬಲಿ ಕೊಡಬಾರದು ಎಂದು ಇನ್ನೊಂದು ಕೇಳುತ್ತದೆ. ಪಶುಬಲಿಯನ್ನು ಕುರಿತ ಈ ವ್ಯಂಗ್ಯ ಬೌದ್ಧರಿಗೂ ಜೈನರಿಗೂ ಪ್ರಿಯವಾಗಿತ್ತಾದ್ದರಿಂದ ಅದನ್ನು ಚಾರ್ವಾಕರ ಸ್ವಂತ ಸೊತ್ತೆಂದು ಎಣಿಸುವುದು ಕಷ್ಟ.

ಪ್ರಶ್ನೆ: ಅವರು ಪ್ರತ್ಯಕ್ಷವನ್ನು ಮಾತ್ರ ಒಪ್ಪಿ ಅನುಮಾನವನ್ನು ಪೂರ್ತಿಯಾಗಿ ತಳ್ಳಿಹಾಕಿದರೇ?

ಪಠ್ಯಪುಸ್ತಕಗಳು ಹಾಗೆಯೇ ಹೇಳುತ್ತವೆ. (ಇಲ್ಲಿ ಅನುಮಾನ ಎಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದು.) ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂಬ ವ್ಯಾಪ್ತಿಯನ್ನು, ಅಂದರೆ ತಪ್ಪದ ಸಂಬಂಧವನ್ನು, ತಿಳಿಯಲು ಎಲ್ಲ ಕಾಲದ ಎಲ್ಲ ಹೊಗೆಗಳನ್ನೂ ನೋಡಬೇಕು, ಅದು ಸಾಧ್ಯವಿಲ್ಲ. ಅನುಮಾನದಿಂದಲೇ ವ್ಯಾಪ್ತಿಯನ್ನು ಸಾಧಿಸ ಹೊರಟರೆ ಆ ಅನುಮಾನಕ್ಕೆ ಮತ್ತೊಂದು ವ್ಯಾಪ್ತಿ ಬೇಕು. ಈ ತಕರಾರು ಗಟ್ಟಿಯಾದದ್ದೇ. 10–11ನೇ ಶತಮಾನದ ನೈಯಾಯಿಕ ಉದಯನನು ಇದಕ್ಕೆ ಹಾಸ್ಯದಲ್ಲಿ ಉತ್ತರಿಸುತ್ತಾನೆ: ಕಣ್ಣಿಗೆ ಕಂಡದ್ದಷ್ಟೇ ಇದೆ ಎನ್ನುವ ಬಡಪಾಯಿ ಚಾರ್ವಾಕನು ಮನೆಯಿಂದ ಹೊರಬಿದ್ದರೆ ಮತ್ತೆ ಮರಳಬಾರದು, ಹೆಂಡತಿ ಮಕ್ಕಳು ಕಾಣದಿರುವುದರಿಂದ ಅವರು ಇಲ್ಲವೆಂದು ತಿಳಿದು ಎದೆ ಬಡಿದುಕೊಂಡು ಅಳಬೇಕು. ಮುಂದುವರಿದು ಅವನು ಸಂಶಯಕ್ಕೂ ಒಂದು ಗಡಿಯಿದೆ ಎನ್ನುತ್ತಾನೆ. ಯಾವ ಸಂಶಯವನ್ನು ನಂಬಿದರೆ ನಮ್ಮ ನಡೆಯೇ ಅದಕ್ಕೆ ವಿರುದ್ಧವಾಗುತ್ತದೆಯೋ ಅಲ್ಲಿಗೆ ಸಂಶಯ ನಿಲ್ಲಬೇಕು. 12ನೇ ಶತಮಾನದ ಅದ್ವೈತಿ ಶ್ರೀಹರ್ಷನು ಉದಯನನು ಇದನ್ನು ಹೇಳಿದ ಶ್ಲೋಕದ ಪದಗಳನ್ನೇ ತುಸು ತಿರುಚಿ ಅವನ ಮೇಲೆಯೇ ತಿರುಗಿಸುತ್ತಾನೆ. ಚಾರ್ವಾಕರು ಹಚ್ಚಿದ ಕಿಡಿಯನ್ನು ವೇದಾಂತಿಯೊಬ್ಬ ಊದಿದ ಪ್ರಸಂಗವಿದು.

ಆದರೆ ಎಲ್ಲ ಚಾರ್ವಾಕರೂ ಅನುಮಾನವನ್ನು ಬಿಟ್ಟವರಲ್ಲ ಎಂಬುದಕ್ಕೆ ಪುರಂದರನೇ ಸಾಕ್ಷಿ. (ದಾಸಶ್ರೇಷ್ಠ ಪುರಂದರದಾಸರಿಗೂ ಇವನಿಗೂ ಹೆಸರಿನ ಸಾಮ್ಯ ಬಿಟ್ಟರೆ ಸಂಬಂಧವಿಲ್ಲ.) 8ನೇ ಶತಮಾನದ ಬೌದ್ಧ ಪಂಡಿತ ಕಮಲಶೀಲನು ತನ್ನ ವ್ಯಾಖ್ಯಾನದಲ್ಲಿ ಪುರಂದರನ ಮಾತನ್ನು ದಾಖಲಿಸಿದ್ದಾನೆ: ಲೋಕದಲ್ಲಿ ಪ್ರಸಿದ್ಧವಾದ ಅನುಮಾನವನ್ನು ಚಾರ್ವಾಕರೂ ಒಪ್ಪುತ್ತಾರೆ, ಲೌಕಿಕ ಮಾರ್ಗವನ್ನು ದಾಟಿ ಹೇಳುವ ಅನುಮಾನವನ್ನು ಮಾತ್ರ ನಿಷೇಧಿಸುತ್ತಾರೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಏಕೆಂದರೆ ಬೇಕಾದರೆ ಹತ್ತಿರ ಹೋಗಿ ನೋಡಬಹುದು. ದಾನದಿಂದ ಸ್ವರ್ಗವನ್ನು ಊಹಿಸಿದರೆ ಹೋಗಿ ನೋಡುವ ದಾರಿಯಿಲ್ಲ. ಇದನ್ನು ಒಪ್ಪಿದರೆ ಉದಯನನ ಹಾಸ್ಯ ಗುರಿ ತಪ್ಪುತ್ತದೆ.

ಜೈನ ಪಂಡಿತ ಹರಿಭದ್ರನ ಷಡ್ದರ್ಶನಸಮುಚ್ಚಯದಲ್ಲಿ ಸೂಚಿತವಾಗಿ ವ್ಯಾಖ್ಯಾನಗಳಲ್ಲಿ ಬೆಳೆದ ‘ವೃಕಪದ’ದ ಕಥೆಯೂ ಇದೇ ಅರ್ಥವನ್ನು ಕೊಡುತ್ತದೆ. ಒಬ್ಬ ಚಾರ್ವಾಕನು ರಾತ್ರಿ ಹೆಂಡತಿಯೊಂದಿಗೆ ಊರ ಹೊರಗೆ ಹೋಗಿ, ಬೀದಿಯ ಧೂಳಿನಲ್ಲಿ ಬೆರಳುಗಳಿಂದ ತೋಳದ ಹೆಜ್ಜೆಗುರುತುಗಳನ್ನು ಮೂಡಿಸುತ್ತಾನೆ. ಬೆಳಗಾದ ಮೇಲೆ ಊರಿನ ವಿದ್ವಾಂಸರು ಸೇರಿ, ರಾತ್ರಿ ಕಾಡಿನಿಂದ ತೋಳ ಬಂದಿತ್ತು, ಇಲ್ಲದಿದ್ದರೆ ಈ ಗುರುತು ಎಲ್ಲಿಂದ ಎಂದು ನಿರ್ಣಯಿಸುತ್ತಾರೆ. ‘ಭದ್ರೇ, ತೋಳದ ಹೆಜ್ಜೆ ನೋಡು, ಬಹುಶ್ರುತರು ಮಾತಾಡುವುದು ಹೀಗೆ’ ಎಂದು ಅವನು ಹೆಂಡತಿಗೆ ಹೇಳುತ್ತಾನೆ. ಕಥೆ ಹೇಳಿದವರು ಜೈನರು, ಉದ್ದೇಶ ಚಾರ್ವಾಕನ ಕುಹಕವನ್ನು ತೋರಿಸುವುದು; ಆದರೂ ಓದುಗನ ಮೆಚ್ಚುಗೆ ಪಡೆಯುವವನು ಕುಹಕಿಯೇ.

ಪ್ರಶ್ನೆ: ‘ಧೂರ್ತ ಚಾರ್ವಾಕ’, ‘ಸುಶಿಕ್ಷಿತ ಚಾರ್ವಾಕ’ ಎಂಬ ಭೇದ ಎಲ್ಲಿಂದ ಬಂತು? ಉದ್ಭಟ ಯಾರು?

ಕಾಶ್ಮೀರದ ಜಯಂತ ಭಟ್ಟನು 9ನೇ ಶತಮಾನದಲ್ಲಿ ಬರೆದ ನ್ಯಾಯಮಂಜರಿಯಲ್ಲಿ ಈ ಎರಡೂ ಮಾತುಗಳಿವೆ. ತತ್ತ್ವವನ್ನು ವಿವರಿಸುತ್ತೇವೆಂದು ಪ್ರತಿಜ್ಞೆ ಮಾಡಿದ ಧೂರ್ತ ಚಾರ್ವಾಕನು, ಪ್ರಮಾಣ (ಅರಿವಿನ ಸಾಧನ) ಮತ್ತು ಪ್ರಮೇಯಗಳ (ಅರಿಯಬೇಕಾದ ವಸ್ತುಗಳ) ಸಂಖ್ಯೆಯನ್ನೂ ಲಕ್ಷಣವನ್ನೂ ಗೊತ್ತುಮಾಡಲು ಬರುವುದಿಲ್ಲ ಎಂಬುದೇ ತತ್ತ್ವವೆಂದು ವಿವರಿಸಿಬಿಟ್ಟ ಎಂದು ಜಯಂತನು ಸಿಡುಕುತ್ತಾನೆ. ಸುಶಿಕ್ಷಿತ ಚಾರ್ವಾಕರ ನಿಲುವಾಗಿ ಅವನು ಹೇಳುವುದು ಇದಕ್ಕಿಂತ ಕುತೂಹಲಕರ: ದೇಹ ಇರುವವರೆಗೆ ನೆನಪು ಮುಂತಾದವನ್ನು ಒಗ್ಗೂಡಿಸುವ ಒಬ್ಬ ಜ್ಞಾತೃ, ಅಂದರೆ ಅರಿಯುವವನು, ಇದ್ದರೆ ಇರಲಿ, ಅದಕ್ಕೆ ಯಾರು ಜಗಳವಾಡುತ್ತಾರೆ, ದೇಹ ಹೋದ ಮೇಲೂ ಅವನಿರುತ್ತಾನೆ ಎಂಬುದಕ್ಕೆ ಪ್ರಮಾಣವೇನು? ದೇಹವೇ ಆತ್ಮವೆಂಬ ಹಳೆಯ ಸೂತ್ರದಿಂದ ಇದು ಬಹಳ ದೂರ ಬಂದ ನಿಲುವು.

ನ್ಯಾಯಮಂಜರಿಗೆ ಟಿಪ್ಪಣಿ ಬರೆದ ಚಕ್ರಧರನು ಇಲ್ಲಿ ಉದ್ಭಟನ ಹೆಸರನ್ನು ಸೂಚಿಸುತ್ತಾನೆ. ಕಾಶ್ಮೀರದ ಜಯಾಪೀಡ ರಾಜನ ಆಸ್ಥಾನದಲ್ಲಿದ್ದ ಆಲಂಕಾರಿಕ ಉದ್ಭಟನೂ ಇವನೂ ಒಬ್ಬನೇ ಎಂಬ ಅಭಿಪ್ರಾಯವೂ ಇದೆ. ಒಬ್ಬನೇ ಆಗಿದ್ದರೆ, ನಮ್ಮ ಕಾವ್ಯಮೀಮಾಂಸೆಯ ತರಗತಿಗಳಲ್ಲಿ ಪ್ರತಿ ವರ್ಷ ಹೆಸರು ಹೇಳುವ ಆಚಾರ್ಯನೊಬ್ಬ ಚಾರ್ವಾಕನಾಗಿದ್ದ ಎಂದಾಗುತ್ತದೆ.

ಪ್ರಶ್ನೆ: ಜಯರಾಶಿ ಭಟ್ಟ ಯಾರು? ಅವನ ಗ್ರಂಥ ಹೇಗೆ ಸಿಕ್ಕಿತು?

ಸುಮಾರು 8ನೇ ಶತಮಾನದ ಕೊನೆ ಅಥವಾ 9ನೇ ಶತಮಾನದ ಆರಂಭದಲ್ಲಿದ್ದವನೆಂದು ಅಂದಾಜಿಸಲಾದ ಜಯರಾಶಿಯು ‘ತತ್ತ್ವೋಪಪ್ಲವಸಿಂಹ’ ಎಂಬ ಗ್ರಂಥವನ್ನು ಬರೆದನು. ಉಪಪ್ಲವ ಎಂದರೆ ಬುಡಮೇಲಾಗುವುದು, ಪ್ರಳಯವಾಗುವುದು. ತತ್ತ್ವಗಳನ್ನೆಲ್ಲ ಬುಡಮೇಲು ಮಾಡುವ ಸಿಂಹವೆಂದು ಅವನು ತನ್ನ ಕೃತಿಗೆ ಹೆಸರಿಟ್ಟಿದ್ದಾನೆ. ಇದು ಗುಜರಾತಿನ ಪಾಟಣದ ಜೈನ ಗ್ರಂಥಭಂಡಾರದಲ್ಲಿ ತಾಳೆಗರಿಯ ಪ್ರತಿಯಾಗಿ 1926ರಲ್ಲಿ ಪತ್ತೆಯಾಯಿತು. ಪಂಡಿತ ಸುಖಲಾಲ್ ಸಂಘವಿ ಮತ್ತು ರಸಿಕಲಾಲ್ ಪರೀಖ್ ಅವರು ಸಂಪಾದಿಸಿ, ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1940ರಲ್ಲಿ ಪ್ರಕಟಿಸಿದರು. ಸುಖಲಾಲರು ಹದಿಹರೆಯದಲ್ಲೇ ಸಿಡುಬಿನಿಂದ ಎರಡೂ ಕಣ್ಣು ಕಳೆದುಕೊಂಡಿದ್ದವರು. ಜೈನ ದರ್ಶನದ ಘನ ಪಂಡಿತರು. ಯಾವ ಪ್ರಮಾಣವನ್ನೂ ನಂಬದ, ಜೈನರನ್ನೂ ಬಿಡದೆ ಖಂಡಿಸಿದ ಕೃತಿಯನ್ನು ಜೈನ ಭಂಡಾರ ಶತಮಾನಗಳ ಕಾಲ ಕಾಪಾಡಿತು, ಜೈನ ಪಂಡಿತರೊಬ್ಬರು ಬೇರೆಯವರಿಂದ ಓದಿಸಿ ಕೇಳುತ್ತ ಅದನ್ನು ಲೋಕಕ್ಕೆ ಕೊಟ್ಟರು.

ಪ್ರಶ್ನೆ: ಜಯರಾಶಿಯ ವಾದದ ಬಗೆ ಹೇಗಿರುತ್ತದೆ?

ಒಂದು ಉದಾಹರಣೆ ಸಾಕು. ನ್ಯಾಯಸೂತ್ರವು ಪ್ರತ್ಯಕ್ಷ ಜ್ಞಾನವು ‘ಅವ್ಯಭಿಚಾರಿ’, ಅಂದರೆ ತಪ್ಪಿಲ್ಲದ್ದು ಆಗಿರಬೇಕು ಎನ್ನುತ್ತದೆ. ತಪ್ಪಿಲ್ಲವೆಂದು ತಿಳಿಯುವುದು ಹೇಗೆ ಎಂಬುದು ಜಯರಾಶಿಯ ಪ್ರಶ್ನೆ. ದೋಷವಿಲ್ಲದ ಇಂದ್ರಿಯದಿಂದ ಹುಟ್ಟಿದ್ದರಿಂದ ಎನ್ನುವಿರಾದರೆ, ಇಂದ್ರಿಯವೇ ಇಂದ್ರಿಯಕ್ಕೆ ಕಾಣದು, ಅದರ ದೋಷರಾಹಿತ್ಯ ಕಾಣುವುದೆಲ್ಲಿಂದ? ಜ್ಞಾನವು ಸರಿಯಾಗಿರುವುದರಿಂದ ಇಂದ್ರಿಯಕ್ಕೆ ದೋಷವಿಲ್ಲವೆಂದು ಊಹಿಸುತ್ತೇವೆ ಎಂದರೆ ಒಂದನ್ನೊಂದು ಆತುಕೊಂಡು ನಿಂತಂತಾಯಿತು. ಆಮೇಲೆ ಯಾವ ಬಾಧೆಯೂ, ಅಂದರೆ ಅದನ್ನು ತಪ್ಪೆಂದು ತೋರಿಸುವ ಅರಿವೂ, ಬಾರದಿರುವುದರಿಂದ ಎನ್ನುವಿರಾದರೆ, ಬಾಧೆ ಬಾರದಿರಲು ಎರಡು ಕಾರಣಗಳಿರಬಹುದು: ಜ್ಞಾನ ಸರಿಯಾಗಿರಬಹುದು, ಅಥವಾ ತಪ್ಪನ್ನು ತೋರಿಸಬೇಕಾದ ಸಂದರ್ಭವೇ ಒದಗದಿರಬಹುದು. ಬಿಸಿಲ್ಗುದುರೆಯನ್ನು ದೂರದಿಂದ ನೀರೆಂದು ಕಂಡವನು ಬೇರೆ ದಾರಿ ಹಿಡಿದು ಹೋದರೆ, ಇಲ್ಲವೇ ಅಷ್ಟರಲ್ಲಿ ಸತ್ತೇ ಹೋದರೆ, ಅವನ ಜ್ಞಾನಕ್ಕೆ ಬಾಧೆ ಎಂದೂ ಬರುವುದಿಲ್ಲ; ಹಾಗೆಂದು ಅಲ್ಲಿ ನೀರಿತ್ತೇ? ನಂಬಿ ನಡೆದಾಗ ಕೆಲಸ ಆಯಿತು, ಹೋಗಿ ನೀರು ಕುಡಿದೆ, ಆದ್ದರಿಂದ ಸರಿ ಎನ್ನುವಿರಾದರೆ, ಕುಡಿದದ್ದು ನೀರೆಂಬ ಎರಡನೆಯ ಜ್ಞಾನ ತಪ್ಪಿಲ್ಲದ್ದೆಂದು ತಿಳಿದದ್ದು ಹೇಗೆ?

ಇದೇ ಪಟ್ಟನ್ನು ಅವನು ಮೀಮಾಂಸಕರು, ಬೌದ್ಧರು, ಸಾಂಖ್ಯರು, ಜೈನರು ಎಲ್ಲರ ಮೇಲೂ ಹಾಕುತ್ತಾನೆ. ಪ್ರತಿಯೊಂದು ಲಕ್ಷಣವನ್ನೂ ಸಾಧ್ಯವಾದ ಅರ್ಥಗಳಾಗಿ ಒಡೆಯುವುದು, ಒಂದೊಂದನ್ನೂ ತಳ್ಳಿಹಾಕುವುದು, ತನ್ನದೆಂದು ಯಾವ ಸಿದ್ಧಾಂತವನ್ನೂ ಸ್ಥಾಪಿಸದಿರುವುದು ಅವನ ಕ್ರಮ. ಓದಲು ಸುಲಭವಾದ ಗ್ರಂಥವಲ್ಲ. ಪುನರುಕ್ತಿ ಹೆಚ್ಚು, ಕೆಲವು ಕಡೆ ಕೇವಲ ಮಾತಿನ ಜಿದ್ದಿನಂತೆಯೂ ತೋರುತ್ತದೆ. ಆದರೆ ಬಿಸಿಲ್ಗುದುರೆಯನ್ನು ಕಂಡು ಹತ್ತಿರ ಹೋಗದವನ ಉದಾಹರಣೆಗೆ ಇಂದಿಗೂ ನೇರ ಉತ್ತರ ಕೊಡುವುದು ಸುಲಭವಲ್ಲ.

ಪ್ರಶ್ನೆ: ಪ್ರತ್ಯಕ್ಷವನ್ನೂ ಒಪ್ಪದ ಜಯರಾಶಿ ಚಾರ್ವಾಕ ಹೇಗಾಗುತ್ತಾನೆ?

ಈ ಪ್ರಶ್ನೆಯನ್ನು ಅವನೇ ಎತ್ತಿಕೊಂಡಿದ್ದಾನೆ. ತತ್ತ್ವಗಳೇ ಇಲ್ಲವೆಂದರೆ ಭೂಮಿ ಮೊದಲಾದವು ತತ್ತ್ವಗಳೆಂಬ ಬೃಹಸ್ಪತಿಯ ಸೂತ್ರಕ್ಕೆ ವಿರೋಧವಲ್ಲವೇ ಎಂಬ ಆಕ್ಷೇಪಕ್ಕೆ ಅವನ ಉತ್ತರ ಹೀಗಿದೆ: ಆ ಸೂತ್ರವು ಲೋಕದಲ್ಲಿ ಪ್ರಸಿದ್ಧವಾದದ್ದನ್ನು ಪ್ರತಿಬಿಂಬಿಸುವುದಷ್ಟೇ, ಲೋಕಪ್ರಸಿದ್ಧವಾದ ಭೂಮಿ ಮೊದಲಾದವೇ ವಿಚಾರಿಸಿ ನೋಡಿದರೆ ನಿಲ್ಲುವುದಿಲ್ಲ, ಇನ್ನು ಉಳಿದವುಗಳ ಪಾಡೇನು? ಬೃಹಸ್ಪತಿಯನ್ನು ಅವನು ಗೌರವದಿಂದಲೇ ಉಲ್ಲೇಖಿಸುತ್ತಾನೆ. ಜೊತೆಗೆ ದೇವಗುರುವಾದ ಆ ಬೃಹಸ್ಪತಿಯ ಬುದ್ಧಿಗೂ ಹೊಳೆಯದ ವಿಕಲ್ಪಗಳನ್ನು (ಪರ್ಯಾಯಗಳನ್ನು) ತಾನು ಎತ್ತಿದ್ದೇನೆಂದು ಕೊನೆಯಲ್ಲಿ ಬೀಗುತ್ತಾನೆ. ಹೀಗಾಗಿ ಕೆಲವರು ಅವನನ್ನು ಚಾರ್ವಾಕರ ಒಂದು ಕವಲೆಂದೂ, ಇನ್ನು ಕೆಲವರು ಪ್ರತ್ಯೇಕ ಸಂಶಯವಾದಿಯೆಂದೂ ಎಣಿಸುತ್ತಾರೆ. ಅವನು ತಲುಪುವ ಜಾಗ ಮಾತ್ರ ಲೋಕಾಯತರಿಗೆ ಸಮೀಪವಾದದ್ದು: ತತ್ತ್ವಗಳೆಲ್ಲ ಬುಡಮೇಲಾದ ಮೇಲೆ, ವಿಚಾರಕ್ಕೊಡ್ಡದೆ ಇರುವಷ್ಟು ಹೊತ್ತು ಚೆಲುವಾಗಿ ಕಾಣುವ ವ್ಯವಹಾರಗಳೆಲ್ಲ ತಮ್ಮ ಪಾಡಿಗೆ ತಾವು ನಡೆಯುತ್ತವೆ. ಲೋಕವ್ಯವಹಾರದ ಮಟ್ಟಿಗೆ ಬಾಲಕನೂ ಪಂಡಿತನೂ ಸಮಾನರು ಎಂಬ ಮಾತು ಅವನ ಗ್ರಂಥದ ಆರಂಭದಲ್ಲೇ ಬರುತ್ತದೆ.

ಪ್ರಶ್ನೆ: ಈ ಪರಂಪರೆಗೂ ಕರ್ನಾಟಕಕ್ಕೂ ಏನಾದರೂ ಸಂಬಂಧವಿದೆಯೇ?

ಚಾರ್ವಾಕರನ್ನು ಖಂಡಿಸಿದವರ ಮೂಲಕ ದೊಡ್ಡ ಸಂಬಂಧವೇ ಇದೆ. ಸರ್ವದರ್ಶನಸಂಗ್ರಹ ಹುಟ್ಟಿದ್ದು ವಿಜಯನಗರದ ಪರಿಸರದಲ್ಲಿ. ಅದರ ಕರ್ತೃ ಮಾಧವನು ಶೃಂಗೇರಿಯ ವಿದ್ಯಾರಣ್ಯರೇ ಎಂಬುದು ಸಂಪ್ರದಾಯದ ನಂಬಿಕೆ, ಒಪ್ಪದ ವಿದ್ವಾಂಸರೂ ಇದ್ದಾರೆ. ಚಾರ್ವಾಕನನ್ನು ‘ನಾಸ್ತಿಕಶಿರೋಮಣಿ’ ಎಂದು ಕರೆದು ಮೊದಲ ಅಧ್ಯಾಯವನ್ನೇ ಅವನಿಗೆ ಮೀಸಲಿಟ್ಟ ಲೇಖಕರು, ಅವನ ಮತವನ್ನು ಬೇರುಸಹಿತ ಕೀಳುವುದು ಕಷ್ಟ, ಏಕೆಂದರೆ ಜನಸಾಮಾನ್ಯರು ಬಹುಪಾಲು ಅದರಂತೆಯೇ ನಡೆಯುತ್ತಾರೆ ಎಂದು ಒಪ್ಪಿಕೊಳ್ಳುತ್ತಾರೆ.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ವಿದ್ಯಾಧರ ರಾಜ ಮಹಾಬಲನ ಆಸ್ಥಾನದ ಚರ್ಚೆಯೊಂದನ್ನು ಚಿತ್ರಿಸಿದ್ದಾರೆ. ಸ್ವಯಂಬುದ್ಧನೆಂಬ ಮಂತ್ರಿ ಧರ್ಮಬೋಧೆ ಮಾಡಿದಾಗ, ಮಹಾಮತಿಯೆಂಬ ಇನ್ನೊಬ್ಬ ಮಂತ್ರಿ ಎದ್ದು, ಜೀವವೆಂಬುದು ಭೂತಗಳ ಕೂಟದಿಂದ ತೋರುವುದೇ ಹೊರತು ಬೇರೆಯಿಲ್ಲ, ಪರಲೋಕವಿಲ್ಲವಾದ್ದರಿಂದ ಅದಕ್ಕಾಗಿ ಕಷ್ಟಪಡುವುದು ವ್ಯರ್ಥ ಎಂದು ವಾದಿಸುತ್ತಾನೆ. ಸಂಭಿನ್ನಮತಿ ಮತ್ತು ಶತಮತಿಯರು ಬೌದ್ಧ ಮತದ ಎರಡು ಪಕ್ಷಗಳನ್ನು ಹಿಡಿಯುತ್ತಾರೆ. ಈ ಕಥೆಯನ್ನೇ ಅನುಸರಿಸಿ ಪಂಪನು 941ರಲ್ಲಿ ಕನ್ನಡ ಆದಿಪುರಾಣವನ್ನು ರಚಿಸಿದನು. 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ವೇಮುಲವಾಡ ಚಾಲುಕ್ಯರ ಆಶ್ರಯದಲ್ಲಿ ಸೋಮದೇವ ಸೂರಿ ಮುಗಿಸಿದ ಯಶಸ್ತಿಲಕದಲ್ಲಿ, ಅಂದೇ ಹುಟ್ಟಿದ ಕೂಸು ಮೊಲೆಗೆ ಹಂಬಲಿಸುವುದೇ ಪೂರ್ವಜನ್ಮಕ್ಕೆ ಸಾಕ್ಷಿ ಎಂಬ ವಾದ ಚಾರ್ವಾಕರಿಗೆ ಉತ್ತರವಾಗಿ ಬರುತ್ತದೆ. ಗಂಗರ ನಾಡಿನೊಂದಿಗೆ ನಂಟಿದ್ದ ಜೈನ ತಾರ್ಕಿಕ ವಿದ್ಯಾನಂದನು ತತ್ತ್ವೋಪಪ್ಲವವಾದಿಯನ್ನು ಹೆಸರಿಸಿಯೇ ಖಂಡಿಸಿದ್ದಾನೆ. ಜಯರಾಶಿಯ ಗ್ರಂಥ ಸಿಗುವ ಮುನ್ನ, ಅಂಥದೊಂದು ವಾದವಿತ್ತೆಂದು ತಿಳಿಯಲು ಇದ್ದ ಆಧಾರಗಳಲ್ಲಿ ಇದೂ ಒಂದು.

ಪ್ರಶ್ನೆ: ಚಾರ್ವಾಕರ ಗ್ರಂಥಗಳನ್ನು ವಿರೋಧಿಗಳು ಸುಟ್ಟುಹಾಕಿದರೆಂದು ಕೇಳಿದ್ದೇವೆ. ನಿಜವೇ?

ಹಾಗೆ ನಡೆಯಿತೆಂಬುದಕ್ಕೆ ದಾಖಲೆಯಿಲ್ಲ. ಮಹಾಭಾರತದ ಚಾರ್ವಾಕದಹನದ ಕಥೆಯಿಂದ ಈ ಕಲ್ಪನೆ ಹಬ್ಬಿರಬಹುದು. ತಾಳೆಗರಿಯ ಪ್ರತಿಗೆ ಆಯುಸ್ಸು ಸೀಮಿತವಾದದ್ದು. ಯಾರಾದರೂ ಮತ್ತೆ ಮತ್ತೆ ಪ್ರತಿ ಮಾಡಿಸುತ್ತಿದ್ದರೆ ಮಾತ್ರ ಗ್ರಂಥ ಉಳಿಯುತ್ತದೆ. ಪ್ರತಿ ಮಾಡಿಸುವ ಕೆಲಸಕ್ಕೆ ಮಠ, ಬಸದಿ, ವಿಹಾರಗಳ ಬೆಂಬಲ ಬೇಕು, ಶಾಸ್ತ್ರದಾನದಿಂದ ಪುಣ್ಯ ಬರುತ್ತದೆಂದು ನಂಬಿದ ದಾನಿಗಳು ಬೇಕು. ಪುಣ್ಯವೇ ಇಲ್ಲವೆಂದವರ ಪುಸ್ತಕಕ್ಕೆ ಅಂಥ ದಾನಿಗಳು ಸಿಗುವುದು ಕಷ್ಟವಾಗಿದ್ದಿರಬೇಕು. ನನಗೆ ಇದೇ ಹೆಚ್ಚು ಸಂಭವನೀಯವೆನಿಸುತ್ತದೆ.

ಪ್ರಶ್ನೆ: ಈ ಪರಂಪರೆ ಯಾವಾಗ ಕೊನೆಗೊಂಡಿತು?

ನಿಖರವಾಗಿ ಹೇಳಲಾಗದು. 12ನೇ ಶತಮಾನದ ನಂತರ ಹೊಸ ಚಾರ್ವಾಕ ಲೇಖಕರ ಉದ್ಧರಣೆಗಳು ಕಾಣುವುದಿಲ್ಲ. ಖಂಡನೆಗಳು ಮಾತ್ರ ಮುಂದುವರಿಯುತ್ತವೆ. 16ನೇ ಶತಮಾನದ ಕೊನೆಯಲ್ಲಿ ಅಬುಲ್ ಫಜಲನ ಐನ್-ಎ-ಅಕ್ಬರಿಯು ಹಿಂದೂಸ್ಥಾನದ ದರ್ಶನಗಳನ್ನು ವಿವರಿಸುವಾಗ ಚಾರ್ವಾಕರನ್ನೂ ಸೇರಿಸಿಕೊಂಡಿದೆ.

ಪ್ರಶ್ನೆ: ಓದನ್ನು ಎಲ್ಲಿಂದ ಆರಂಭಿಸಬೇಕು?

ಹೆಚ್ಚಿನವರು ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯದಿಂದ ಆರಂಭಿಸುತ್ತಾರೆ. ಅದು ಚಿಕ್ಕದು, ಚುರುಕಾದದ್ದು. ಆದರೆ ಎರಡು ಸಾವಿರ ವರ್ಷಗಳ ವಿಚಾರವನ್ನು ಒಂದೇ ಮುಖವಾಡಕ್ಕೆ ಇಳಿಸಿದೆ. ಸಾಮಞ್ಞಫಲ ಸುತ್ತ ಮತ್ತು ಪಾಯಾಸಿ ಸುತ್ತಗಳನ್ನು ಮೊದಲು ಓದಿ ಆಮೇಲೆ ಅದಕ್ಕೆ ಬರುವುದು ಮೇಲು. ಪಂಪನ ಆದಿಪುರಾಣ ಕೈಯಲ್ಲಿರುವವರು ಮಹಾಬಲನ ಪ್ರಸಂಗವನ್ನು ಜೊತೆಗಿಟ್ಟು ಓದಬಹುದು. ಜಯರಾಶಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು; ನ್ಯಾಯಸೂತ್ರದ ಪ್ರತ್ಯಕ್ಷಲಕ್ಷಣವನ್ನು ವಾತ್ಸ್ಯಾಯನನ ಭಾಷ್ಯದೊಂದಿಗೆ ಒಮ್ಮೆಯಾದರೂ ಓದಿರದಿದ್ದರೆ ಅವನು ಯಾರೊಂದಿಗೆ ಯಾವುದಕ್ಕಾಗಿ ಜಗಳವಾಡುತ್ತಿದ್ದಾನೆಂಬುದೇ ತಿಳಿಯುವುದಿಲ್ಲ.